ಓಡಿಕೊಂಡು ಹೋಗಿ ಹನಿ ಕೇಕ್ ತರುವವರು ಇದ್ದೀರಾ? ಪಾಯಸವಾಗದಂತೆ ತರುವುದು ಹೇಗೆ?

ಸಾರಕ್ಕಿ ಓಟಗಾರ · ಸೋಮವಾರ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಕೇಳುವುದಕ್ಕೆ ಸ್ವಲ್ಪ ಸಂಕೋಚ, ಆದರೂ ಕೇಳಿಬಿಡುತ್ತೇನೆ.

ಐದು ತಿಂಗಳಿನಿಂದ ಪ್ರತಿ ಭಾನುವಾರ ಒಂದೊಂದು ಬೇಕರಿಯನ್ನು ಗುರಿಯಾಗಿಟ್ಟುಕೊಂಡು ಓಡುತ್ತಿದ್ದೇನೆ. ಅದಕ್ಕೂ ಮೊದಲು ಲಾಲ್‌ಬಾಗಿನಲ್ಲಿ ಸುತ್ತು ಹಾಕುತ್ತಿದ್ದೆ. ಎರಡನೆಯ ಸುತ್ತಿಗೇ ಬೇಸರ ಬಂದು ಬೆಂಚು ಹುಡುಕುತ್ತಿದ್ದೆ. ಈಗ ಹಾಗಿಲ್ಲ. ತುದಿಯಲ್ಲಿ ಬೇಕರಿ ಇದೆ ಎಂದರೆ ಕಾಲು ತಾನಾಗಿಯೇ ಎದ್ದು ಹೋಗುತ್ತದೆ. ಗಾಂಧಿ ಬಜಾರು, ಜಯನಗರ ನಾಲ್ಕನೇ ಬ್ಲಾಕು, ಚಾಮರಾಜಪೇಟೆ, ಬಸವನಗುಡಿ ಎಲ್ಲ ಮುಗಿದಿವೆ. ಮಲ್ಲೇಶ್ವರಕ್ಕೂ ಒಮ್ಮೆ ಹೋಗಿದ್ದೆ, ಬರುವಾಗ ಮೆಟ್ರೊ ಹತ್ತಿದೆ. (ಅದನ್ನು ಓಟದ ಲೆಕ್ಕಕ್ಕೆ ಸೇರಿಸಿಲ್ಲ.)

ತೊಂದರೆ ಶುರುವಾದದ್ದು ಮನೆಯವರಿಗೆ ವಿಷಯ ಗೊತ್ತಾದ ಮೇಲೆ. "ನೀವೊಬ್ಬರೇ ತಿಂದು ಬರುತ್ತೀರಾ?" ಎಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ಹಾಗಾಗಿ ನಿನ್ನೆ ವಿಶ್ವೇಶ್ವರಪುರದ (ವಿ.ವಿ. ಪುರ) ಕಡೆ ಹೋದವನು ನಾಲ್ಕು ತುಂಡು ಹನಿ ಕೇಕ್ ಕಟ್ಟಿಸಿಕೊಂಡು, ಬೆನ್ನ ಚೀಲದಲ್ಲಿ ಹಾಕಿಕೊಂಡು, ಸೌತ್ ಎಂಡ್ ವೃತ್ತ, ಬನಶಂಕರಿ ದೇವಸ್ಥಾನ ದಾಟಿ ಮನೆಯವರೆಗೆ ಓಡಿದೆ. ಬಿಚ್ಚಿ ನೋಡಿದರೆ ನಾಲ್ಕು ತುಂಡು ಸೇರಿ ಒಂದೇ ಆಗಿದೆ. ಮೇಲಿನ ಜಾಮ್ ಪೂರ್ತಿ ಕವರಿನ ಒಳಮೈಗೆ ಬಳಿದುಕೊಂಡಿದೆ. ಕೊಬ್ಬರಿ ತುರಿ ಚೀಲದ ಜಿಪ್ಪಿನ ಹಲ್ಲುಗಳಲ್ಲಿ, ಮನೆಯ ಬೀಗದ ಕೈಯಲ್ಲಿ, ಬೆವರು ಒರೆಸುವ ಟವೆಲಿನಲ್ಲಿ. ಅತ್ತೆ ಒಂದು ಬಟ್ಟಲಿಗೆ ಹಾಕಿಕೊಂಡು ಚಮಚದಲ್ಲಿ ತಿಂದು, "ಪಾಯಸ ಚೆನ್ನಾಗಿದೆ" ಎಂದರು. ಅವರು ಹಾಸ್ಯ ಮಾಡುವವರಲ್ಲ. ನನಗೆ ಇನ್ನೂ ಅನುಮಾನವಿದೆ.

ಇಲ್ಲಿ ಯಾರಾದರೂ ಕೇಕನ್ನು ಕೇಕಾಗಿಯೇ ಮನೆ ಮುಟ್ಟಿಸಿದವರು ಇದ್ದರೆ ದಯವಿಟ್ಟು ಹೇಳಿ. ಆಟೊದಲ್ಲಿ ಬನ್ನಿ ಎನ್ನಬೇಡಿ. ಹೋಗುವಾಗ ಏಳು, ಬರುವಾಗ ಏಳು ಕಿ.ಮೀ. ಆಗಲೇಬೇಕು.

ಒಂದೇ ಸಾಲು · 9:15

ಆಟೊದಲ್ಲಿ ಬನ್ನಿ.

ಸಾರಕ್ಕಿ ಓಟಗಾರ · 9:16

ಮೂರು ನಿಮಿಷ. ಇನ್ನೂ ಬೇಗ ಬರುತ್ತದೆಂದು ಅಂದುಕೊಂಡಿದ್ದೆ.

ಗವಿಪುರದವಳು · 9:40

ಪ್ಲಾಸ್ಟಿಕ್ ಕವರಿನಲ್ಲಿ ಹನಿ ಕೇಕ್ ಹಾಕಿಕೊಂಡು ಏಳು ಕಿ.ಮೀ. ಓಡಿದ ನಿಮ್ಮ ಧೈರ್ಯಕ್ಕೆ ದೊಡ್ಡ ನಮಸ್ಕಾರ. ನಾನು ಮಗನ ಶಾಲೆಯ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಮೊದಲ ಸಲ ಗಲ್ಲಾಪೆಟ್ಟಿಗೆಯಲ್ಲಿ ಕೂತವರು, "ಅಕ್ಕಾ, ಊಟ ತಂದಿದ್ದೀರಾ?" ಎಂದು ಕೇಳಿದರು. ಈಗ ಡಬ್ಬಿ ನೋಡಿದ ಕೂಡಲೇ ಅಳತೆಗೆ ಸರಿಯಾಗಿ ಕತ್ತರಿಸಿ ಕೊಡುತ್ತಾರೆ.

ಒಂದು ಎಚ್ಚರಿಕೆ. ಡಬ್ಬಿಯಲ್ಲಿ ಜಾಗ ಉಳಿಯಬಾರದು. ಉಳಿದರೆ ನೀವು ಹೊರಗೆ ಓಡುತ್ತೀರಿ, ಕೇಕು ಒಳಗೆ ಓಡುತ್ತದೆ.

ಲೆಕ್ಕದ ಮೇಷ್ಟರು · 10:05

ನಿಮ್ಮ ಕೇಕಿಗೆ ಆದದ್ದೇನು ಎಂದು ಲೆಕ್ಕ ಹಾಕೋಣ. ಸಾಧಾರಣ ಓಟಗಾರ ನಿಮಿಷಕ್ಕೆ 160ರಿಂದ 170 ಹೆಜ್ಜೆ ಇಡುತ್ತಾನೆ. ಏಳು ಕಿ.ಮೀ.ಗೆ ಐವತ್ತು ನಿಮಿಷ ಎಂದಿಟ್ಟುಕೊಂಡರೆ ಎಂಟು ಸಾವಿರಕ್ಕೂ ಮೇಲೆ ಹೆಜ್ಜೆ. ಪ್ರತಿ ಹೆಜ್ಜೆಗೂ ಮೈ ಎಂಟು ಹತ್ತು ಸೆಂಟಿಮೀಟರ್ ಮೇಲೆದ್ದು ಕೆಳಗಿಳಿಯುತ್ತದೆ. ಚೀಲ ಸಡಿಲವಾಗಿದ್ದರೆ ಮೈ ಕೆಳಗಿಳಿಯುವಾಗ ಚೀಲ ಇನ್ನೂ ಮೇಲೇ ಇರುತ್ತದೆ, ಆಮೇಲೆ ಬಂದು ಬೀಳುತ್ತದೆ. ಎಂಟು ಸಾವಿರ ಸಲ ಒನಕೆಯಲ್ಲಿ ಕುಟ್ಟಿದರೆ ಭತ್ತವೂ ಅಕ್ಕಿಯಾಗುತ್ತದೆ. ಕೇಕು ಪಾಯಸವಾದದ್ದು ದೊಡ್ಡದಲ್ಲ.

ಪರಿಹಾರ: ಚೀಲದ ಎದೆಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ಬಿಗಿಯಾಗಿ ಕಟ್ಟಿ. ಹೆಜ್ಜೆ ಚಿಕ್ಕದು ಮಾಡಿ, ಲೆಕ್ಕ ಹೆಚ್ಚು ಮಾಡಿ. ನೆಗೆತ ಕಡಿಮೆಯಾಗುತ್ತದೆ. ಮಂಡಿಗೂ ಒಳ್ಳೆಯದು.

ಸಿರಿಧಾನ್ಯ ಪ್ರಿಯ · 10:31

ಎಲ್ಲರೂ ಡಬ್ಬಿಯ ಬಗ್ಗೆ ಮಾತನಾಡುತ್ತಿದ್ದೀರಿ, ಡಬ್ಬಿಯೊಳಗೆ ಇರುವುದರ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಮೈದಾ, ಸಕ್ಕರೆ, ವನಸ್ಪತಿ. ಒಂದು ಕೈಯಲ್ಲಿ ನೀರು ಹೊರಹಾಕಿ ಇನ್ನೊಂದು ಕೈಯಲ್ಲಿ ದೋಣಿಗೆ ತೂತು ಕೊರೆದ ಹಾಗೆ. ಓಡುವುದೇ ಆರೋಗ್ಯಕ್ಕಾಗಿ ಎಂದಮೇಲೆ ಬೇಕರಿಯ ದಾರಿಯನ್ನೇ ಏಕೆ ಹಿಡಿಯಬೇಕು?

ಸಾರಕ್ಕಿ ಓಟಗಾರ · 10:44

ಓಡುವುದು ಆರೋಗ್ಯಕ್ಕಾಗಿ ಎಂದು ನಾನು ಎಲ್ಲಿಯೂ ಹೇಳಿಲ್ಲ ಸರ್. ಮೇಲೆ ಇನ್ನೊಮ್ಮೆ ಓದಿ.

ಆದರೂ ಲೆಕ್ಕ ಕೊಡುತ್ತೇನೆ. ಓಟದಲ್ಲಿ ಒಂದು ಕಿಲೊ ತೂಕಕ್ಕೆ ಒಂದು ಕಿ.ಮೀ.ಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚು. ನಾನು 72 ಕಿಲೊ. 14 ಕಿ.ಮೀ.ಗೆ ಸಾವಿರ ಆಯಿತು. ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ, 90 ಗ್ರಾಂ. ಅದು ಪೂರ್ತಿ ಸಕ್ಕರೆ ಎಂದೇ ಹಿಡಿದರೂ ಗ್ರಾಮಿಗೆ ನಾಲ್ಕರಂತೆ 360. ಇನ್ನೂ ಆರುನೂರು ಚಿಲ್ಲರೆ ನನ್ನ ಖಾತೆಯಲ್ಲಿದೆ.

ಸಿರಿಧಾನ್ಯ ಪ್ರಿಯ · 10:52

ಕೊಬ್ಬಿಗೆ ಗ್ರಾಮಿಗೆ ಒಂಬತ್ತು. ಅದನ್ನು ಜಾಣತನದಿಂದ ಬಿಟ್ಟಿದ್ದೀರಿ. ಅದೂ ಇರಲಿ. ನೀವು 14 ಕಿ.ಮೀ. ಓಡಿದ್ದೀರಿ, ಒಪ್ಪಿದೆ. ಮನೆಗೆ ತಂದ ನಾಲ್ಕು ತುಂಡು ತಿಂದವರು ಯಾರೂ ಓಡಿಲ್ಲವಲ್ಲ?

ಸಾರಕ್ಕಿ ಓಟಗಾರ · 10:53

ಈ ಮಾತನ್ನು ನಮ್ಮ ಮನೆಗೆ ಬಂದು ನೀವೇ ಹೇಳಿ. ವಿಳಾಸ ಕಳುಹಿಸುತ್ತೇನೆ.

ಮಂಡಿನೋವು · 11:20

ಇಬ್ಬರ ಮಾತಿನಲ್ಲಿಯೂ ಅರ್ಧರ್ಧ ಸತ್ಯವಿದೆ. ಒಂದು ಗಂಟೆಗೂ ಮೇಲೆ ಓಡಿದಾಗ ಸ್ನಾಯುಗಳಲ್ಲಿ ಕೂಡಿಟ್ಟಿದ್ದ ಪಿಷ್ಟ ಬಹಳಷ್ಟು ಕರಗಿರುತ್ತದೆ. ಆಗ ತಿಂದ ಸಿಹಿ ಅದನ್ನು ತುಂಬುವುದಕ್ಕೆ ಹೋಗುತ್ತದೆ. ಆದರೆ ಇಪ್ಪತ್ತು ನಿಮಿಷ ಓಡಿ ಮೂರು ಪಫ್ ತಿನ್ನುವವರು (ನಮ್ಮ ಗುಂಪಿನಲ್ಲಿ ಇಬ್ಬರಿದ್ದಾರೆ, ಓದುತ್ತಿದ್ದಾರೆ ಎಂದು ಗೊತ್ತು) ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬೇಡಿ.

ನಿಜವಾದ ತೊಂದರೆ ಬೇರೆಯೇ ಇದೆ. ಬೇಕರಿ ನಡುದಾರಿಯಲ್ಲಿದೆ. ತಿಂದು ಮತ್ತೆ ಏಳು ಕಿ.ಮೀ. ಓಡುತ್ತೀರಿ. ಪಕ್ಕೆ ಹಿಡಿಯುವುದಿಲ್ಲವೇ? ನಾನು ಒಮ್ಮೆ ದಿಲ್‌ಪಸಂದ್ ತಿಂದು ಓಡಿದವನು ಮಿನರ್ವ ವೃತ್ತದ ಹತ್ತಿರ ಪಾದಚಾರಿ ಕಟ್ಟೆಯ ಮೇಲೆ ಕೂತೆ. ಹೂ ಮಾರುವ ಅಜ್ಜಿ ನೀರು ಕೊಟ್ಟರು.

ಸಾರಕ್ಕಿ ಓಟಗಾರ · 11:31

ಅದಕ್ಕೇ ಅಲ್ಲಿ ಒಂದೇ ತುಂಡು, ಆಮೇಲೆ ಅರ್ಧ ಗಂಟೆ ಸುಮ್ಮನೆ ನಿಂತು ಜನರನ್ನು ನೋಡುತ್ತೇನೆ. ಬೇಕರಿಯ ಮುಂದೆ ನಿಲ್ಲುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಹೊಳೆನರಸೀಪುರ · 12:08

ನಮ್ಮ ತಂದೆಯದು ಬೇಕರಿ. ನಾನೂ ಕಾಲೇಜಿಗೆ ಹೋಗುವಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟ್ರೇ ಎಳೆದವನು. ಆದ್ದರಿಂದ ನಾಲ್ಕು ಮಾತು.

ಹನಿ ಕೇಕ್ ಓಡುವವರಿಗೆ ಹೇಳಿ ಮಾಡಿಸಿದ ತಿಂಡಿಯಲ್ಲ. ಅದರ ಗುಣವೇ ಒದ್ದೆ. ಸ್ಪಾಂಜು ಬೆಂದು ಇಳಿದ ಮೇಲೆ ಅದರ ಮೇಲೆ ಸಕ್ಕರೆ ಪಾಕ ಸುರಿಯುತ್ತೇವೆ. ಒಂದೇ ಸಲ ಸುರಿದರೆ ಮೇಲೆ ಕೊಚ್ಚೆ, ಕೆಳಗೆ ಒಣಕಲು. ಸ್ವಲ್ಪ ಸ್ವಲ್ಪವಾಗಿ, ಕೇಕು ಕುಡಿದಷ್ಟೇ ಕೊಡಬೇಕು. ಅದರ ಮೇಲೆ ಜಾಮನ್ನು ಬಿಸಿ ಮಾಡಿ ತೆಳ್ಳಗೆ ಸವರಬೇಕು. ತಣ್ಣಗಿನ ಜಾಮ್ ಸವರಲು ಹೋದರೆ ಚಾಕುವಿಗೆ ಕೇಕಿನ ಚರ್ಮವೇ ಕಿತ್ತು ಬರುತ್ತದೆ. ಕೊನೆಗೆ ಒಣಕೊಬ್ಬರಿ ಪುಡಿ. ಆಗಷ್ಟೇ ಮಾಡಿದ್ದನ್ನು ಕತ್ತರಿಸಿ ಕೊಟ್ಟರೆ ನಡೆದುಕೊಂಡು ಹೋದರೂ ಕುಸಿಯುತ್ತದೆ. ಎರಡು ಮೂರು ಗಂಟೆ ಕೂತರೆ ಪಾಕ ಒಳಗೆ ಇಳಿದು, ಜಾಮ್ ಹಿಡಿದುಕೊಂಡು, ಪ್ರತಿ ತುಂಡೂ ತುಂಡಾಗಿಯೇ ನಿಲ್ಲುತ್ತದೆ. ಹಾಗಾಗಿ "ಬಿಸಿ ಬಿಸಿಯಾಗಿದೆಯಾ?" ಎಂದು ಕೇಳಬೇಡಿ. ಹನಿ ಕೇಕಿಗೆ ಅದು ತಪ್ಪು ಪ್ರಶ್ನೆ. ಖಾರಾ ಬನ್ನಿಗೆ ಸರಿಯಾದ ಪ್ರಶ್ನೆ.

ಓಡುವವರಿಗೆ ನಿಜವಾಗಿ ಹೊಂದುವುದು ರಸ್ಕು, ಬೆಣ್ಣೆ ಬಿಸ್ಕತ್ತು (ಅದೂ ಒಡೆಯುತ್ತದೆ, ಆದರೆ ಒಡೆದರೂ ಬಿಸ್ಕತ್ತೇ), ನಿಪ್ಪಟ್ಟು. ಪ್ಲಮ್ ಕೇಕ್ ಕೂಡ ಗಟ್ಟಿಮುಟ್ಟು. ಪಫ್ ಬೇಡವೇ ಬೇಡ.

ಚಿಕ್ಕಲ್ಲಸಂದ್ರ · 12:15

ಹನಿ ಕೇಕಿನಲ್ಲಿ ಹನಿ ಎಲ್ಲಿದೆ ಎಂದು ಚಿಕ್ಕಂದಿನಿಂದ ಕೇಳಬೇಕೆಂದಿದ್ದೆ. ನೀವು ಹೇಳಿದ್ದರಲ್ಲಿ ಬರೀ ಸಕ್ಕರೆ ಪಾಕವಿದೆ.

ಹೊಳೆನರಸೀಪುರ · 12:19

ಪಾಕಕ್ಕೆ ಜೇನು ಬೆರೆಸುವವರು ಇದ್ದಾರೆ. ಎಷ್ಟು ಬೆರೆಸುತ್ತಾರೆ ಎಂಬುದು ಅವರವರ ಮನಸ್ಸು.

ಗವಿಪುರದವಳು · 12:21

ಒಂದು ಹನಿ ಬೆರೆಸುತ್ತಾರೆ. ಹೆಸರಿನಲ್ಲಿಯೇ ಇದೆಯಲ್ಲ.

ಕತ್ರಿಗುಪ್ಪೆ ಬೆಟ್ಟಪ್ಪ · 13:02

ಯಾರೂ ನಾಯಿಗಳ ಬಗ್ಗೆ ಮಾತನಾಡುತ್ತಿಲ್ಲ. ಬೆಂಗಳೂರಿನಲ್ಲಿ ಬೆಳಗ್ಗೆ ಓಡುವವನಿಗೆ ಮೊದಲನೆಯ ಶತ್ರು ಫುಟ್‌ಪಾತು, ಎರಡನೆಯದು ನಾಯಿ. ಕೈಯಲ್ಲಿ ಬೇಕರಿಯ ಕವರಿದ್ದರೆ ನಾಯಿಗೇ ಮೊದಲ ಸ್ಥಾನ.

ಹೋದ ವರ್ಷ ಎರಡು ಮೊಟ್ಟೆ ಪಫ್ ಕಟ್ಟಿಸಿಕೊಂಡು ಬರುತ್ತಿದ್ದೆ. ಕಾಗದದ ಪೊಟ್ಟಣ, ಎಣ್ಣೆ ಇಳಿದು ಕನ್ನಡಿಯಂತಾಗಿತ್ತು. ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ಒಂದು ಕಂದು ನಾಯಿ ಎದ್ದು ನಿಂತಿತು. ಬೊಗಳಲಿಲ್ಲ. ಸುಮ್ಮನೆ ಪಕ್ಕದಲ್ಲಿ ಓಡತೊಡಗಿತು, ನನ್ನದೇ ವೇಗದಲ್ಲಿ, ತಲೆಯನ್ನು ಪೊಟ್ಟಣದ ಕಡೆ ತಿರುಗಿಸಿಕೊಂಡು. ಮುಂದಿನ ತಿರುವಿನಲ್ಲಿ ಇನ್ನೆರಡು ಸೇರಿದವು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಕೊನೆಗೆ ಒಂದು ಪಫ್ ಮುರಿದು ಹಾಕಿ ಓಡಿದೆ. ಆ ದಿನದ ಕಡೆಯ ಒಂದು ಕಿ.ಮೀ. ನನ್ನ ಜೀವಮಾನದ ದಾಖಲೆ.

ಈಗ ಪ್ರತಿ ಭಾನುವಾರ ಆ ಕಂದು ನಾಯಿ ಅದೇ ಮೂಲೆಯಲ್ಲಿ ಕಾಯುತ್ತದೆ. ಅದಕ್ಕೆಂದೇ ಎರಡು ರಸ್ಕು ಹೆಚ್ಚಿಗೆ ಕೊಳ್ಳುತ್ತೇನೆ.

ಒಂದೇ ಸಾಲು · 13:04

ನಾಯಿಯ ಕುತ್ತಿಗೆಗೆ ಡಬ್ಬಿ ಕಟ್ಟಿ ಕಳುಹಿಸಿ.

ಕಾಕ್ಸ್‌ಟೌನ್ · 14:30

ನೀವೆಲ್ಲ ಬೆಂಗಳೂರು ಎಂದರೆ ಸೌತ್ ಎಂಡ್ ವೃತ್ತದಿಂದ ಕೆಳಗೆ ಎಂದು ತಿಳಿದುಕೊಂಡ ಹಾಗಿದೆ. ಬೇಕರಿ ಓಟಕ್ಕೆ ಸರಿಯಾದ ಜಾಗ ದಂಡು ಪ್ರದೇಶ. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದ್ದು. ಅದರ ಬಾಗಿಲು ತೆರೆಯುವುದೇ ಮಧ್ಯಾಹ್ನದ ಮೇಲೆ, ಹಾಗಾಗಿ ನಮ್ಮ ಓಟ ಸಂಜೆ. ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಹಲಸೂರು ಕೆರೆಯ ಬದಿಯಿಂದ ಹೋಗಿ ಖೋವಾ ನಾನ್ ತಿಂದರೆ ಮತ್ತೆ ರಾತ್ರಿ ಊಟ ಬೇಡ. ಖೋವಾ ನಾನ್ ಗಟ್ಟಿ ತಿಂಡಿ. ಚೀಲದಲ್ಲಿ ಹಾಕಿಕೊಂಡು ಗುಡ್ಡ ಹತ್ತಿದರೂ ಏನೂ ಆಗುವುದಿಲ್ಲ.

ಅಡ್ಡಪೇಟೆ · 14:52

1902 ಎಂದು ಹೆಮ್ಮೆಪಡಬೇಡಿ. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರದ್ದು. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಅಣ್ಣತಮ್ಮಂದಿರು ಶುರು ಮಾಡಿದ್ದು. ಊರಿನ ತುಂಬ ಇರುವ ಅಯ್ಯಂಗಾರ್ ಬೇಕರಿಗಳಿಗೆಲ್ಲ ಅದೇ ಮೂಲ ಎನ್ನುತ್ತಾರೆ.

ಕಾಕ್ಸ್‌ಟೌನ್ · 14:55

ಚಿಕ್ಕಪೇಟೆಯಲ್ಲಿ ಓಡಿ ತೋರಿಸಿ, ಆಮೇಲೆ ಮಾತನಾಡೋಣ.

ಅಡ್ಡಪೇಟೆ · 15:10

ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ. ಅವೆನ್ಯೂ ರಸ್ತೆ ಖಾಲಿ. ಅಂಗಡಿಗಳ ಬಾಗಿಲು ಹಾಕಿರುವಾಗ ಮಹಡಿಯ ಮೇಲಿನ ಹಳೆಯ ಕಂಬಗಳು, ಮರದ ಕಿಟಕಿಗಳು ಕಾಣುತ್ತವೆ. ಹಗಲಿನಲ್ಲಿ ಕತ್ತೆತ್ತಿ ನೋಡುವುದಕ್ಕೆ ಯಾರಿಗೆ ಪುರುಸೊತ್ತು?

ಹೊಳೆನರಸೀಪುರ · 15:26

ಅಡ್ಡಪೇಟೆಯವರು ಹೇಳಿದ್ದು ಸರಿ. ಒಂದು ತಿದ್ದುಪಡಿ ಮಾತ್ರ: ಇವತ್ತು ಅಯ್ಯಂಗಾರ್ ಬೇಕರಿ ಎಂಬ ಫಲಕವಿರುವ ಕಡೆಯೆಲ್ಲ ಅಯ್ಯಂಗಾರರೇ ಇರುವುದಿಲ್ಲ. ಹಾಸನ ಜಿಲ್ಲೆಯವರು ಮಾತ್ರ ಬಹಳ ಕಡೆ ಇರುತ್ತಾರೆ. ನಮ್ಮ ಕಡೆ ಮಗ ಓದಲಿಲ್ಲ ಎಂದರೆ, "ಬೆಂಗಳೂರಿನಲ್ಲಿ ಮಾವನ ಬೇಕರಿಗೆ ಕಳಿಸು" ಎನ್ನುವುದು ವಾಡಿಕೆ. ನಮ್ಮ ತಂದೆ ಬಂದದ್ದೂ ಹಾಗೆಯೇ.

ಚಿಕ್ಕಲ್ಲಸಂದ್ರ · 15:40

ಹಾಗಾದರೆ ಅಲ್ಲಿಯ ಕೇಕಿನಲ್ಲಿ ಮೊಟ್ಟೆ ಇರುತ್ತದೆಯೋ ಇಲ್ಲವೋ?

ಮಂಡಿನೋವು · 15:41

ಶುರುವಾಯಿತು.

(ಮುಂದಿನ 31 ಉತ್ತರಗಳನ್ನು ಬೇರೆ ಚರ್ಚೆಗೆ ವರ್ಗಾಯಿಸಲಾಗಿದೆ. — ನಿರ್ವಾಹಕ)

ನಿರ್ವಾಹಕ · 18:20

ಮೊಟ್ಟೆಯ ವಿಷಯಕ್ಕೆ ಬೇರೆ ಕೋಣೆ ತೆರೆದಿದ್ದೇನೆ. ಗೊತ್ತಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ, ಅವರು ಹೇಳುತ್ತಾರೆ. ಇಲ್ಲಿ ಓಟ, ಕೇಕು, ಡಬ್ಬಿ ಮಾತ್ರ.

ವಿ.ವಿ. ಪುರದ ಹಳಬ · ಸೋಮವಾರ, ರಾತ್ರಿ 8:05

ಸಾರಕ್ಕಿಯವರೇ, ನಮ್ಮ ಬೀದಿಗೆ ಬಂದು ಕೇಕು ಮಾತ್ರ ತೆಗೆದುಕೊಂಡು ಹೋದರೆ ಹೇಗೆ? ಸಜ್ಜನರಾವ್ ವೃತ್ತದ ಹತ್ತಿರ ವಿ.ಬಿ. ಬೇಕರಿ 1953ರಿಂದ ಇದೆ. ಅಲ್ಲಿಯ ಕಾಂಗ್ರೆಸ್ ಕಡಲೆಕಾಯಿ ತೆಗೆದುಕೊಳ್ಳಿ. ಹುರಿದು, ಸಿಪ್ಪೆ ತೆಗೆದು, ಎರಡು ಹೋಳು ಮಾಡಿ, ಖಾರ, ಕರಿಬೇವು ಹಾಕಿದ್ದು. 1969ರಲ್ಲಿ ಕಾಂಗ್ರೆಸ್ ಪಕ್ಷ ಎರಡು ಹೋಳಾದಾಗ ಈ ಹೆಸರು ಬಂತು ಎಂದು ನಮ್ಮ ಕಡೆ ಹೇಳುತ್ತಾರೆ. ಪಕ್ಷದ ಜಗಳ ಜೋರಾದ ಆ ಜುಲೈ ತಿಂಗಳ ಅಧಿವೇಶನ ನಡೆದದ್ದೂ ಇಲ್ಲೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ನೀವು ಸುತ್ತು ಹಾಕಿ ಬೇಸರಪಟ್ಟ ಲಾಲ್‌ಬಾಗು!

ಮುಖ್ಯ ವಿಷಯ: ಅದು ಮೊದಲೇ ಹೋಳಾಗಿದೆ. ಎಷ್ಟು ಓಡಿದರೂ ಇನ್ನು ಕೆಡುವುದಕ್ಕೆ ಏನೂ ಇಲ್ಲ.

ಸಾರಕ್ಕಿ ಓಟಗಾರ · 8:22

ಈ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮಗಳು ಕೇಳಿರುವುದು ಹನಿ ಕೇಕು.

ಕ್ರಾಯ್ಡನ್ ಕನ್ನಡತಿ · ಮಂಗಳವಾರ, ಬೆಳಿಗ್ಗೆ 4:10

ಲಂಡನ್ನಿನ ಕಡೆಯಿಂದ. ಇಲ್ಲಿ ಓಟಕ್ಕೂ ಕೇಕಿಗೂ ಯಾರೂ ಜಗಳ ತಂದಿಟ್ಟಿಲ್ಲ. ಶನಿವಾರ ಬೆಳಿಗ್ಗೆ 9ಕ್ಕೆ ಊರೂರಿನ ಪಾರ್ಕುಗಳಲ್ಲಿ ಪಾರ್ಕ್‌ರನ್ ನಡೆಯುತ್ತದೆ. 5 ಕಿ.ಮೀ., ದುಡ್ಡಿಲ್ಲ, ಬಹುಮಾನವಿಲ್ಲ. 2004ರಲ್ಲಿ ಬುಶಿ ಪಾರ್ಕಿನಲ್ಲಿ 13 ಜನ ಓಡಿದ್ದರಿಂದ ಶುರುವಾದದ್ದು. ಓಟ ಮುಗಿದ ಮೇಲೆ ಪಾರ್ಕಿನ ಕಾಫಿ ಅಂಗಡಿಯಲ್ಲಿ ಕೂತು ಕೇಕು ತಿನ್ನುವುದು ಓಟದಷ್ಟೇ ಮುಖ್ಯ. ಯಾರಾದರೂ ಐವತ್ತನೆಯದೋ ನೂರನೆಯದೋ ಓಟ ಮುಗಿಸಿದರೆ ತಾವೇ ಮನೆಯಲ್ಲಿ ಮಾಡಿದ ಕೇಕು ತಂದು ಹಂಚುತ್ತಾರೆ.

ನನ್ನ ಐವತ್ತನೆಯದಕ್ಕೆ ನಾನು ರವೆ ಕೇಕು ಮಾಡಿಕೊಂಡು ಹೋಗಿದ್ದೆ, ಅಮ್ಮ ಕುಕ್ಕರಿನಲ್ಲಿ ಮರಳು ಹಾಕಿ ಮಾಡುತ್ತಿದ್ದ ಅಳತೆಯಲ್ಲೇ. ಏಲಕ್ಕಿ ಪರಿಮಳಕ್ಕೆ ಎಲ್ಲರೂ ತಿರುಗಿ ನೋಡಿದರು. ಒಬ್ಬ ಮುದುಕರು ಮೂರು ತುಂಡು ತಿಂದು, ಐವತ್ತೊಂದನೆಯದು ಯಾವಾಗ ಎಂದು ಕೇಳಿದರು.

ಆದರೆ ಒಂದು ಗಮನಿಸಿ. ಇಲ್ಲಿ ಯಾರೂ ಕೇಕು ಹೊತ್ತುಕೊಂಡು ಓಡುವುದಿಲ್ಲ. ಅಲ್ಲೇ ತಿಂದು ಮುಗಿಸುತ್ತಾರೆ. ಮನೆಯವರಿಗೆ ತರಬೇಕೆಂಬ ಸಂಕಟ ನಮ್ಮವರದ್ದೇ ಇರಬೇಕು.

ಸಿರಿಧಾನ್ಯ ಪ್ರಿಯ · ಮಂಗಳವಾರ, 7:45

ರವೆ ಕೇಕಿನ ಅಳತೆ ಹಾಕಿ. ನವಣೆಯಲ್ಲಿ ಪ್ರಯತ್ನಿಸುತ್ತೇನೆ.

ಗವಿಪುರದವಳು · 7:50

ಬಂದರು.

ಸಾಧನಕೇರಿ · ಮಂಗಳವಾರ, 10:15

ಧಾರವಾಡದಿಂದ ನಮಸ್ಕಾರ. ನಿಮ್ಮ ಇಡೀ ಚರ್ಚೆ ಓದಿ ನಿಮ್ಮ ಮೇಲೆ ಕರುಣೆ ಬಂತು. ಪೇಡೆ ಕೊಳ್ಳಿರಿ. ನಾನು ಕೆಲಗೇರಿ ಕೆರೆಯ ಕಡೆ ಓಡಲು ಹೋಗಿ ಬರುವಾಗ ಅರ್ಧ ಕಿಲೊ ಪೇಡೆ ತರುತ್ತೇನೆ. ಉರುಳಿದರೂ ಪೇಡೆ, ಒಡೆದರೂ ಪೇಡೆ. ಸಕ್ಕರೆಯ ಅಂಗಿ ಸ್ವಲ್ಪ ಉದುರುತ್ತದೆ ಅಷ್ಟೆ, ಅದನ್ನು ಡಬ್ಬಿಯ ತಳದಿಂದ ಬೆರಳಿಗೆ ಅಂಟಿಸಿಕೊಂಡು ತಿನ್ನುವುದು ತಂದವನ ಹಕ್ಕು.

ಹನಿ ಕೇಕೇ ಬೇಕು ಎಂದು ಹಟವಿದ್ದರೆ ಒಂದು ಉಪಾಯ. ನಮ್ಮ ಅಜ್ಜಿ ಹುಬ್ಬಳ್ಳಿಯಿಂದ ಪುಣೆಗೆ ಗಾಜಿನ ಬಳೆ ಕಳುಹಿಸುವಾಗ ಚುರುಮುರಿಯಲ್ಲಿ ಹುಗಿದು ಕಳುಹಿಸುತ್ತಿದ್ದಳು. ಒಂದೂ ಒಡೆಯುತ್ತಿರಲಿಲ್ಲ. ಸಣ್ಣ ಡಬ್ಬಿಯಲ್ಲಿ ಕೇಕು ತುಂಬಿ. ಅದನ್ನು ದೊಡ್ಡ ಡಬ್ಬಿಯಲ್ಲಿಟ್ಟು ಸುತ್ತಲೂ, ಕೆಳಗೂ ಮೇಲೂ ಚುರುಮುರಿ ಗಿಡಿಯಿರಿ. ಏಟೆಲ್ಲ ಅದು ತಿನ್ನುತ್ತದೆ.

ಚಿಕ್ಕಲ್ಲಸಂದ್ರ · 10:21

ಚುರುಮುರಿಯಲ್ಲಿ ಈರುಳ್ಳಿ, ಟೊಮೆಟೊ, ನಿಂಬೆಹಣ್ಣು ಇರುತ್ತದಲ್ಲ? ಕೇಕು ಒದ್ದೆಯಾಗುವುದಿಲ್ಲವೇ?

ಸಾಧನಕೇರಿ · 10:24

ಅಯ್ಯೋ ಮಹಾರಾಯರೇ, ಕಲಸಿದ್ದಲ್ಲ, ಬರೀ ಚುರುಮುರಿ. ನೀವು ಪುರಿ ಎನ್ನುತ್ತೀರಲ್ಲ, ಅದು.

ದಾವಣಗೆರೆ ಬೆಣ್ಣೆ · 10:30

ಅದರ ಹೆಸರು ಮಂಡಕ್ಕಿ.

ಅಡ್ಡಪೇಟೆ · 10:33

ಕಡಲೆಪುರಿ.

ದಾವಣಗೆರೆ ಬೆಣ್ಣೆ · 10:34

ಕಡಲೆ ಇಲ್ಲದೆ ಕಡಲೆಪುರಿ ಹೇಗಾಗುತ್ತದೆ? ಮಂಡಕ್ಕಿ.

ನಿರ್ವಾಹಕ · 10:50

ಮಂಡಕ್ಕಿಗೂ ಬೇರೆ ಕೋಣೆ ಬೇಕೇ?

ಪಿಂಚಣಿದಾರ · ಮಂಗಳವಾರ, ಸಂಜೆ 5:40

ನನಗೆ 68. ಸಕ್ಕರೆ ಕಾಯಿಲೆಗೆ ಹದಿನಾರು ವರ್ಷ. ಓಡುವುದಿಲ್ಲ, ನಡೆಯುತ್ತೇನೆ. ಆದರೂ ಇಂಥದೊಂದು ಗುಂಪಿನಲ್ಲಿದ್ದೇನೆ. ಹುಡುಗರು ಓಡುವುದಕ್ಕಿಂತ ಮುಕ್ಕಾಲು ಗಂಟೆ ಮುಂಚೆ ನಾನು ಹೊರಟು, ಎಲ್ಲರೂ ಒಟ್ಟಿಗೆ ಬೇಕರಿ ಮುಟ್ಟುತ್ತೇವೆ. ಅವರು ಕೇಕು ತಿನ್ನುತ್ತಾರೆ, ನಾನು ಒಂದು ಖಾರಾ ಬಿಸ್ಕತ್ತು, ಸಕ್ಕರೆಯಿಲ್ಲದ ಕಾಫಿ. ಖಾರಾ ಬಿಸ್ಕತ್ತೂ ಮೈದಾದ್ದೇ ಎಂದು ನನ್ನ ವೈದ್ಯೆಗೆ ಗೊತ್ತು, ನನಗೂ ಗೊತ್ತು. ಅದಕ್ಕೇ ಒಂದು.

ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಉದ್ದ ಓಡಲು ಹೋಗಬೇಡಿ, ಸಕ್ಕರೆ ಥಟ್ಟನೆ ಇಳಿಯುತ್ತದೆ. ಒಮ್ಮೆ ನನಗೇ ಕೈ ನಡುಗಿ, ಬೆವರಿ, ಎದುರಿಗಿದ್ದ ಫಲಕದ ಅಕ್ಷರ ಓದಲಾಗದೆ ನಿಂತಿದ್ದೆ. ಅಂದು ಗುಂಪಿನ ಹುಡುಗನೊಬ್ಬ ಬಾಯಿಗೆ ಹಾಕಿದ ದಿಲ್‌ಖುಷ್ ತುಂಡು ನನ್ನ ಹದಿನಾರು ವರ್ಷದ ಏಕೈಕ ದಿಲ್‌ಖುಷ್. ಈಗ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣವಿರುತ್ತದೆ.

ಸಾರಕ್ಕಿಯವರಿಗೆ: ಬೇಕರಿಯಿಂದ ನಾನು ಬಸ್ಸಿನಲ್ಲಿ ವಾಪಸು ಬರುತ್ತೇನೆ. ನಮ್ಮ ಗುಂಪಿನ ಎಲ್ಲರ ಡಬ್ಬಿಯೂ ನನ್ನ ತೊಡೆಯ ಮೇಲೆಯೇ ಬರುವುದು. ನಿಮ್ಮ ಕಡೆಯೂ ನನ್ನಂಥವರು ಯಾರಾದರೂ ಇರಬೇಕು, ನೋಡಿ.

ಕತ್ರಿಗುಪ್ಪೆ ಬೆಟ್ಟಪ್ಪ · 6:02

ಯಜಮಾನರೇ, ಒಟ್ಟು ಎಷ್ಟು ಡಬ್ಬಿ?

ಪಿಂಚಣಿದಾರ · 6:10

ಹೋದ ವಾರ ಏಳು. ಕಂಡಕ್ಟರು, "ಮದುವೆಯಾ ಸಾರ್?" ಎಂದು ಕೇಳಿದ.

ಮಂಡಿನೋವು · ಗುರುವಾರ, 9:00

ವನಸ್ಪತಿಯ ಬಗ್ಗೆ ಸಿರಿಧಾನ್ಯದವರು ಹೇಳಿದ್ದನ್ನು ಎಲ್ಲರೂ ಹಾರಿಸಿಬಿಟ್ಟಿರಿ, ಅದು ಹಗುರ ಮಾತಲ್ಲ. 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದು ಎಂದು ನಿಯಮವಿದೆ. ಹಾಗೆಂದು ದಿನವೂ ಪಫ್ ತಿನ್ನಲು ಅದು ಅಪ್ಪಣೆಯಲ್ಲ. ವಾರಕ್ಕೊಂದು ತುಂಡಿಗೆ ನನ್ನ ತಕರಾರಿಲ್ಲ.

ಸಿರಿಧಾನ್ಯ ಪ್ರಿಯ · ಗುರುವಾರ, 9:20

ಕೊನೆಗೂ ಒಬ್ಬರು. ವಂದನೆಗಳು.

ಅಂದ ಹಾಗೆ ವಿ.ವಿ. ಪುರದ ಕಡೆ ಖಾರಾ ಬನ್ ಎಷ್ಟು ಹೊತ್ತಿಗೆ ಬಿಸಿಯಾಗಿ ಸಿಗುತ್ತದೆ? ಮಾಹಿತಿಗಾಗಿ ಕೇಳಿದ್ದು.

ಸಾರಕ್ಕಿ ಓಟಗಾರ · ಭಾನುವಾರ, ಬೆಳಿಗ್ಗೆ 10:48

ವರದಿ ಒಪ್ಪಿಸುತ್ತಿದ್ದೇನೆ.

ಸಣ್ಣ ಸ್ಟೀಲ್ ಡಬ್ಬಿ ಗವಿಪುರದವರದ್ದು (ಅಂದರೆ ಅವರ ಸಲಹೆ, ಡಬ್ಬಿ ನಮ್ಮದೇ). ದೊಡ್ಡ ಡಬ್ಬಿ, ಪುರಿ ಸಾಧನಕೇರಿಯವರ ಸಲಹೆ. ಪಟ್ಟಿ ಬಿಗಿದದ್ದು, ಹೆಜ್ಜೆ ಚಿಕ್ಕದು ಮಾಡಿದ್ದು ಮೇಷ್ಟರ ಮಾತಿನಂತೆ. ಹೋಗುವಾಗ ಬೆನ್ನ ಮೇಲೆ ಪುರಿ ಗಲಗಲ ಎನ್ನುತ್ತಿತ್ತು. ಬನಶಂಕರಿ ದೇವಸ್ಥಾನದ ಮುಂದೆ ನಿಂಬೆಹಣ್ಣು ಮಾರುವವರು ಕತ್ತೆತ್ತಿ ನೋಡಿದರು.

ಬೇಕರಿಯಲ್ಲಿ ಹೊಳೆನರಸೀಪುರದವರು ಹೇಳಿಕೊಟ್ಟಂತೆ, "ಕೂತಿರುವ ಕೇಕು ಕೊಡಿ" ಎಂದೆ. ಅಂಗಡಿಯ ಹುಡುಗ ಒಂದು ಕ್ಷಣ ನನ್ನನ್ನೇ ನೋಡಿ, ಒಳಗೆ ಹೋಗಿ, ಹಿಂದಿನ ಟ್ರೇಯಿಂದ ತಂದ. ಪುರಿಯಲ್ಲಿ ಡಬ್ಬಿ ಹುಗಿಯುವುದನ್ನು ಅಲ್ಲಿದ್ದ ಆರೇಳು ಜನ ಸುತ್ತ ನಿಂತು ನೋಡಿದರು. ಯಾರೋ ಒಬ್ಬರು ಸಹಾಯಕ್ಕೆ ಬಂದು ಮೂಲೆಗಳನ್ನು ಗಿಡಿದು ಕೊಟ್ಟರು. ನವಣೆ, ಸಾಮೆ ಎಂದೆಲ್ಲ ಮಾತನಾಡುತ್ತಿದ್ದರು, ಕೈಯಲ್ಲಿ ಖಾರಾ ಬನ್ ಇತ್ತು. ಹೆಸರು ಕೇಳಲಿಲ್ಲ.

ಮನೆಯಲ್ಲಿ ತೆರೆದೆವು. ನಾಲ್ಕು ತುಂಡೂ ನಾಲ್ಕಾಗಿಯೇ ಇದ್ದವು! ಜಾಮ್ ಮಾತ್ರ ಅರ್ಧದಷ್ಟು ಮುಚ್ಚಳಕ್ಕೆ ಹೋಗಿತ್ತು. ಮಗಳು ಮುಚ್ಚಳ ತನ್ನದು ಎಂದು ಎತ್ತಿಕೊಂಡು ಹೋದಳು. ಅತ್ತೆ ಒಂದು ತುಂಡು ತಿಂದು ಸುಮ್ಮನಿದ್ದರು. ಕೇಳಿದ್ದಕ್ಕೆ, "ಹೋದ ವಾರದ್ದೇ ಚೆನ್ನಾಗಿತ್ತು, ಇದನ್ನು ಅಗಿಯಬೇಕು" ಎಂದರು.

ಲೆಕ್ಕದ ಮೇಷ್ಟರು · 10:55

ಮುಚ್ಚಳಕ್ಕೆ ಬೆಣ್ಣೆ ಕಾಗದ ಹಾಕಿ.

ಸಿರಿಧಾನ್ಯ ಪ್ರಿಯ · 11:02

ಪುರಿ ಗಿಡಿಯುವಾಗ ಎಡಗಡೆ ಸ್ವಲ್ಪ ಕಡಿಮೆಯಾಯಿತು. ಜಾಮ್ ಹೋದದ್ದು ಅದರಿಂದಲೇ ಇರಬೇಕು.

ಸಾರಕ್ಕಿ ಓಟಗಾರ · 11:03

ಸರ್!!

ಸಾಧನಕೇರಿ · 11:30

ನಮ್ಮ ಅಜ್ಜಿಗೆ ಈ ಕೀರ್ತಿ ಸಲ್ಲಬೇಕು. ಅದಿರಲಿ, ಆ ಚುರುಮುರಿ ಏನು ಮಾಡಿದಿರಿ?

ಸಾರಕ್ಕಿ ಓಟಗಾರ · 11:34

ಒಗ್ಗರಣೆ ಹಾಕಿದೆವು. ಅತ್ತೆ ಎರಡು ಸಲ ಹಾಕಿಸಿಕೊಂಡರು.

ದಾವಣಗೆರೆ ಬೆಣ್ಣೆ · 11:35

ಮಂಡಕ್ಕಿ.